ಬೇಟೆಯ ಗುಂಡಿನ ಲಕ್ಷಣ

೧. ಪೀಠಿಕೆ

ಕನ್ನಡ ಸಾಹಿತ್ಯದಲ್ಲಿ ಬೇಟೆಯ ಪ್ರಸಂಗಕ್ಕೆ ಬಹುಕಾಲದ ಸ್ಥಾನವುಂಟು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನು ಹೊರಟ ಬೇಟೆಯೇ ಮುಂದಿನ ಕಷ್ಟಪರಂಪರೆಗೆ ಬಾಗಿಲಾಗುತ್ತದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಈಚಿನ ಕಾಲಕ್ಕೆ ಬಂದರೆ, ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', 'ಕಾನೂರು ಹೆಗ್ಗಡಿತಿ' ಮೊದಲಾದ ಕೃತಿಗಳಲ್ಲಿಯೂ, ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ಬರಹಗಳಲ್ಲಿಯೂ, ಕೆನ್ನೆತ್ ಆಂಡರ್ಸನ್ನನ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ ಸಂಪುಟಗಳಲ್ಲಿಯೂ ಕೋವಿಯ ಸದ್ದು ಕೇಳಿಬರುತ್ತದೆ.

ಇವುಗಳನ್ನು ಪಾಠ ಹೇಳುವ ಅಧ್ಯಾಪಕರಿಗೆ ಒಂದು ತೊಡಕು ಎದುರಾಗುವುದುಂಟು. ಈಡು, ಚರೆ, ಗುಂಡು, ತೋಟಾ ಎಂಬ ಮಾತುಗಳು ಒಂದೇ ಪುಟದಲ್ಲಿ ಬರುತ್ತವೆ. ಇವೆಲ್ಲವೂ ಕೋವಿಗೆ ಸಂಬಂಧಿಸಿದವು ಎಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಚರೆ ತುಂಬಿದ ಕೋವಿಯನ್ನು ಹಿಡಿದವನಿಗೆ ಎದುರಾಗಿ ಕಡವೆ ನಿಂತಾಗ ಅವನು ಏಕೆ ಅಳುಕುತ್ತಾನೆ, ಕಾಟಿಯ ಜಾಡು ಹಿಡಿದವನು ಏಕೆ ತೋಟಾ ಬದಲಿಸುತ್ತಾನೆ ಎಂಬುದನ್ನು ಅರಿಯದೆ ಆ ಪ್ರಸಂಗದ ಅರ್ಥವೇ ಪೂರ್ಣವಾಗುವುದಿಲ್ಲ. ಅಲ್ಲಿ ನಡೆಯುತ್ತಿರುವುದು ಒಂದು ಧರ್ಮವಿಚಾರ. ಕೊಲ್ಲಲು ನಿಶ್ಚಯಿಸಿದವನು ಮೃಗವನ್ನು ನರಳಿಸದೆ ಕೊಲ್ಲಬಲ್ಲನೆ, ಇಲ್ಲವೆ ಎಂಬುದು ಅವನ ಕೈಯಲ್ಲಿರುವ ಸೀಸದ ತುಂಡಿನ ಲಕ್ಷಣವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಆ ಲಕ್ಷಣವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಾರವನ್ನು ಮೊದಲೇ ಹೇಳುವುದಾದರೆ, ಗುಂಡಿನ ಯೋಗ್ಯತೆಯನ್ನು ಅದರ ಬಲವೊಂದರಿಂದಲೇ ಅಳೆಯಲಾಗದು; ಮೃಗದ ಒಡಲನ್ನು ಹೊಕ್ಕ ಮೇಲೆ ಅದು ನಡೆದುಕೊಳ್ಳುವ ರೀತಿಯಿಂದ ಅಳೆಯಬೇಕು. ಗುಂಡಿಗೆ ಎರಡು ಕರ್ತವ್ಯಗಳುಂಟು: ಮರ್ಮಸ್ಥಾನದವರೆಗೆ ಹೋಗುವುದು ಒಂದು, ಅಲ್ಲಿ ಅರಳಿ ಅಗಲವಾದ ಗಾಯವನ್ನು ಮಾಡುವುದು ಇನ್ನೊಂದು. ಇವೆರಡೂ ಪರಸ್ಪರ ವಿರೋಧಿಗಳು. ಬೇಗ ಅರಳಿದ್ದು ದೂರ ಹೋಗಲಾರದು. ದೂರ ಹೋಗುವುದು ಸುಲಭವಾಗಿ ಅರಳದು. ಬೇಟೆಯ ಗುಂಡಿನ ಚರಿತ್ರೆಯೆಂದರೆ ಈ ವಿರೋಧವನ್ನು ಪರಿಹರಿಸಲು ನಡೆದ ಪ್ರಯತ್ನಗಳ ಚರಿತ್ರೆ.

೨. ಹೆಸರುಗಳ ವಿಚಾರ

ಮೈಸೂರು ನಗರದ ನಡುವೆ, ಅಶೋಕ ರಸ್ತೆಯ ಬಳಿ, ಲಷ್ಕರ್ ಮೊಹಲ್ಲಾ ಎಂಬ ಬಡಾವಣೆಯಿದೆ. 'ಲಷ್ಕರ್' ಎಂಬುದು ಸೈನ್ಯ, ದಂಡಿನ ಬೀಡು ಎಂಬ ಅರ್ಥದ ಪಾರಸೀಕ ಶಬ್ದ. 'ಮೊಹಲ್ಲಾ' ಎಂಬುದು ಅರಬ್ಬಿಯಿಂದ ಬಂದದ್ದು. ದಿನವೂ ಆ ಬೀದಿಗಳಲ್ಲಿ ಓಡಾಡುವವರಿಗೆ ಈ ಹೆಸರಿನ ದಂಡಿನ ನೆನಪು ಇರಲಾರದು. ಆದರೆ ನಾಡಿನ ಬೇಟೆಗಾರನ ಮಾತಿನಲ್ಲಿ ಲಷ್ಕರಿನ ಜೊತೆಗೆ ಬಂದ ಶಬ್ದಗಳು ಹಲವು ಉಳಿದುಕೊಂಡಿವೆ. ಬೇಟೆಯ ಕೋವಿಯು ದಂಡಿನ ಕೋವಿಯ ತಮ್ಮನೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

'ಬಂದೂಕು' ಎಂಬುದರ ಮೂಲ ಅರಬ್ಬಿಯ 'ಬುಂದುಕ್'. ಅದಕ್ಕೆ ಮೊದಲು ಇದ್ದ ಅರ್ಥ ಒಂದು ಬಗೆಯ ದುಂಡನೆಯ ಕಾಯಿ. ಬಳಿಕ ಆ ಕಾಯಿಯಂತೆ ದುಂಡಗಿದ್ದ, ಬಿಲ್ಲಿನಿಂದ ಎಸೆಯುವ ಉಂಡೆಗೆ ಆ ಹೆಸರಾಯಿತು. ಕಡೆಗೆ ಉಂಡೆಯನ್ನು ಹಾರಿಸುವ ಆಯುಧಕ್ಕೇ ಆ ಹೆಸರು ನಿಂತಿತು. ಎಂದರೆ ಬಂದೂಕಿಗೆ ಹೆಸರನ್ನು ಕೊಟ್ಟದ್ದು ಅದರ ಗುಂಡು. ಕನ್ನಡದ 'ಕೋವಿ' ಇದಕ್ಕೆ ವಿಪರೀತವಾದುದು; ಅದು ಕೊಳವೆಯನ್ನು, ಎಂದರೆ ನಳಿಗೆಯನ್ನು ಹಿಡಿದು ಬಂದ ಹೆಸರು. 'ಮದ್ದು' ರೋಗಕ್ಕೆ ಕೊಡುವ ಔಷಧವೂ ಹೌದು, ಸಿಡಿಯುವ ಪುಡಿಯೂ ಹೌದು. 'ಈಡು' ಎಂಬುದಕ್ಕೆ ಹೊಡೆ, ಎಸೆ ಎಂಬ ಅರ್ಥವೂ ಇದ್ದ 'ಇಡು' ಧಾತುವಿನ ಸಂಬಂಧ ಸ್ಪಷ್ಟವಾಗಿದೆ. ಒಂದು ಸಲ ಕೋವಿ ಹಾರಿದರೆ ಒಂದು ಈಡು.

ಇನ್ನು 'ಗುಂಡು'. ಇದು ನಮ್ಮದೇ ಆದ ಶಬ್ದ. ದುಂಡಗಿರುವುದು ಎಂದು ಅರ್ಥ. ಸುಮಾರು ಒಂದೂವರೆ ನೂರು ವರ್ಷಗಳಿಂದ ರೈಫಲ್ಲಿನ ಗುಂಡು ದುಂಡಗಿಲ್ಲ. ಕಡ್ಡಿಯಂತೆ ನೀಳವಾಗಿ ತುದಿಯಲ್ಲಿ ಮೊನಚಾಗಿದೆ. ಆಕಾರ ಹೋದರೂ ಹೆಸರು ಉಳಿದಿದೆ. ಈ ಆಕಾರಭೇದವನ್ನು ಮರೆತರೆ ಹಳೆಯ ಬರಹಗಳ 'ಗುಂಡಿಗೂ' ಹೊಸ ಬರಹಗಳ 'ಗುಂಡಿಗೂ' ಇರುವ ಅಂತರ ಕಾಣುವುದಿಲ್ಲ.

೩. ಬಾಣದಲ್ಲಿಯೇ ಇದ್ದ ವಿವೇಕ

ಗುಂಡಿನ ಎರಡು ಕರ್ತವ್ಯಗಳ ಅರಿವು ಕೋವಿಯೊಡನೆ ಹುಟ್ಟಿದ್ದಲ್ಲ. ನಮ್ಮ ಕಾವ್ಯಗಳಲ್ಲಿ ಯುದ್ಧವರ್ಣನೆಯನ್ನು ಓದುವವರಿಗೆ ನಾರಾಚ, ಭಲ್ಲ, ಕ್ಷುರಪ್ರ, ಅರ್ಧಚಂದ್ರ, ವತ್ಸದಂತ ಎಂಬ ಬಾಣಗಳ ಹೆಸರು ಪರಿಚಿತವಾದದ್ದೇ. ಇವನ್ನು ಕವಿಯ ಶಬ್ದಾಡಂಬರವೆಂದು ಎಣಿಸುವವರುಂಟು. ಧನುರ್ವೇದದ ಗ್ರಂಥಗಳನ್ನು ನೋಡಿದರೆ ಅದು ಸರಿಯಲ್ಲವೆಂದು ತಿಳಿಯುತ್ತದೆ. ಅಲ್ಲಿ ಒಂದೊಂದು ಅಲಗಿಗೂ ಒಂದೊಂದು ಕೆಲಸವನ್ನು ವಿಧಿಸಿದೆ. ಸೂಜಿಯ ಮೊನೆಯುಳ್ಳ ಸೂಚೀಮುಖವು ಕವಚವನ್ನು ಭೇದಿಸುವುದಕ್ಕೆ. ಅರ್ಧಚಂದ್ರವು ಕತ್ತನ್ನು ಕತ್ತರಿಸುವುದಕ್ಕೆ. ಕ್ಷುರಪ್ರವೆಂಬ ಹೆಸರಿನಲ್ಲಿಯೇ ಕ್ಷುರ, ಎಂದರೆ ಚೌರದ ಕತ್ತಿ, ಇದೆ.

ಕಿರಿದಾದ ಮೊನೆ ಆಳಕ್ಕೆ ಇಳಿಯುತ್ತದೆ, ಆದರೆ ಸಣ್ಣ ರಂಧ್ರವನ್ನು ಮಾತ್ರ ಮಾಡುತ್ತದೆ. ಅಗಲವಾದ ಅಲಗು ದೊಡ್ಡ ಗಾಯ ಮಾಡಿ ರಕ್ತವನ್ನು ಹರಿಸುತ್ತದೆ, ಆದರೆ ಮೂಳೆಗೋ ಕವಚಕ್ಕೋ ತಾಗಿದರೆ ನಿಂತುಬಿಡುತ್ತದೆ. ಬಿಲ್ಲಾಳಿಗೆ ಒಂದು ಅನುಕೂಲವಿತ್ತು: ಬತ್ತಳಿಕೆಯಲ್ಲಿ ಬೇರೆಬೇರೆ ಅಲಗುಗಳನ್ನು ಇಟ್ಟುಕೊಂಡು, ಎದುರಿಗಿರುವುದನ್ನು ನೋಡಿ ಆರಿಸಿಕೊಳ್ಳಬಹುದಾಗಿತ್ತು. ಕೋವಿ ಬಂದಾಗ ಈ ಆಯ್ಕೆ ಕೆಲವು ಕಾಲ ಕಳೆದುಹೋಯಿತು. ಉಂಡೆಯೊಂದೇ ಎಲ್ಲಕ್ಕೂ ಆಯಿತು.

೪. ಮೃಗದ ಒಡಲು

ಗುಂಡಿನ ವಿಚಾರಕ್ಕೆ ಮೊದಲು ಗುರಿಯ ವಿಚಾರವನ್ನು ಸ್ವಲ್ಪ ತಿಳಿಯಬೇಕು. ಮೃಗವು ಶೀಘ್ರವಾಗಿ ಸಾಯುವುದು ಎರಡು ಬಗೆಯಿಂದ. ಮಿದುಳು ಅಥವಾ ಬೆನ್ನುಹುರಿಗೆ ಪೆಟ್ಟು ತಗುಲಿದರೆ ಅದು ನಿಂತಲ್ಲಿಯೇ ಕುಸಿಯುತ್ತದೆ. ಗುಂಡಿಗೆ, ಶ್ವಾಸಕೋಶ ಮತ್ತು ಅವುಗಳ ದೊಡ್ಡ ರಕ್ತನಾಳಗಳು ಹರಿದರೆ ರಕ್ತದ ಒತ್ತಡ ಇಳಿದು ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ. ಮೊದಲನೆಯ ಗುರಿ ಬಹಳ ಸಣ್ಣದು. ಆದಕಾರಣ ಎರಡನೆಯದನ್ನೇ, ಎಂದರೆ ಮುಂಗಾಲಿನ ಹಿಂದುಗಡೆಯ ಎದೆಯ ಭಾಗವನ್ನೇ, ಬೇಟೆಗಾರರು ಆರಿಸಿಕೊಳ್ಳುತ್ತಿದ್ದರು. ಹೊಟ್ಟೆಗೆ ಅಥವಾ ತೊಡೆಗೆ ತಗುಲಿದ ಗುಂಡು ಎಷ್ಟೇ ಬಲವುಳ್ಳದ್ದಾದರೂ ಮೃಗವನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿಸುತ್ತದೆ.

ಎದೆಯನ್ನು ಮುಟ್ಟಲು ಗುಂಡು ದಾಟಬೇಕಾದ ದಾರಿ ಎಲ್ಲ ಮೃಗಗಳಲ್ಲಿಯೂ ಒಂದೇ ಅಲ್ಲ. ಚುಕ್ಕೆಗಳುಳ್ಳ ಸಾರಗದ ಹೋರಿಯು ಸುಮಾರು ೭೦ರಿಂದ ೯೦ ಕಿಲೋಗ್ರಾಂ ತೂಗುತ್ತದೆ. ಅದರ ತೊಗಲು ತೆಳುವು, ಪಕ್ಕೆಲುಬು ಸಪುರ. ಕಡವೆಯ ಹೋರಿಯು ೨೦೦ರಿಂದ ೩೦೦ ಕಿಲೋಗ್ರಾಂವರೆಗೆ ಬೆಳೆಯುತ್ತದೆ. ಗಂಡು ಕಾಟಿಯು ೭೦೦ ಕಿಲೋಗ್ರಾಂಗೆ ಮೀರಿ, ಕೆಲವು ಸಾವಿರದವರೆಗೂ ತೂಗುತ್ತವೆ. ಅದರ ಭುಜದ ಮಾಂಸಖಂಡವೂ ಮೂಳೆಯೂ ಗೋಡೆಯಂತಿರುತ್ತವೆ. ಕಾಟಿಯ ವಿಷಯದಲ್ಲಿ ಇನ್ನೊಂದು ಮೋಸವುಂಟು. ಅದರ ಬೆನ್ನೆಲುಬಿನಿಂದ ಮೇಲಕ್ಕೆ ಎದ್ದ ಉದ್ದನೆಯ ಮುಳ್ಳುಮೂಳೆಗಳ ಕಾರಣದಿಂದ ಭುಜದ ಮೇಲೆ ಎತ್ತರವಾದ ಏಣು ಕಾಣುತ್ತದೆ. ಕಣ್ಣಿಗೆ ಕಾಣುವ ಎತ್ತರದ ನಡುಮಧ್ಯಕ್ಕೆ ಗುರಿಯಿಟ್ಟರೆ ಗುಂಡು ಮರ್ಮಕ್ಕಿಂತ ಮೇಲಕ್ಕೆ ಬೀಳುತ್ತದೆ. ಹೃದಯವು ಎದೆಯ ಕೆಳಭಾಗದಲ್ಲಿರುತ್ತದೆ.

೫. ಸೀಸದ ಉಂಡೆ ಮತ್ತು ಚರೆ

ಹಳೆಯ ಕೋವಿಗೆ ಮುಂದಿನಿಂದ ಮದ್ದು ಸುರಿದು, ಕೋಲಿನಿಂದ ಜಡಿದು, ಸೀಸದ ಉಂಡೆಯನ್ನು ಇಳಿಬಿಡುತ್ತಿದ್ದರು. ಕೋವಿಯ ಗಾತ್ರವನ್ನು ಅಳೆಯುವ ಕ್ರಮವೂ ಉಂಡೆಯಿಂದಲೇ ಹುಟ್ಟಿತು. ಒಂದು ಪೌಂಡು, ಎಂದರೆ ಸುಮಾರು ೪೫೪ ಗ್ರಾಂ, ಸೀಸದಲ್ಲಿ ನಳಿಗೆಗೆ ಸರಿಹೊಂದುವ ಎಷ್ಟು ಉಂಡೆಗಳಾಗುತ್ತವೆಯೋ ಅಷ್ಟು ಬೋರಿನ ಕೋವಿ ಅದು. ೧೨ ಬೋರಿನ ಉಂಡೆ ಸುಮಾರು ೩೮ ಗ್ರಾಂ ತೂಗುತ್ತದೆ. ೮ ಬೋರಿನದು ೫೭ ಗ್ರಾಂ. ೪ ಬೋರಿನದು ೧೧೩ ಗ್ರಾಂ. ಸಂಖ್ಯೆ ಇಳಿದಂತೆ ಗುಂಡು ದೊಡ್ಡದಾಗುವುದೆಂಬುದನ್ನು ಓದುಗರು ಗಮನಿಸಬೇಕು.

ಉಂಡೆಯ ದೋಷ ಅದರ ಆಕಾರದಲ್ಲಿಯೇ ಇದೆ. ಎದುರಿನ ಅಡ್ಡಗಲಕ್ಕೆ ಹೋಲಿಸಿದರೆ ಅದರ ತೂಕ ಕಡಮೆ. ಒಂದು ಚದರ ಸೆಂಟಿಮೀಟರು ಅಡ್ಡಗಲಕ್ಕೆ ೧೨ ಬೋರಿನ ಉಂಡೆಯಲ್ಲಿ ಸುಮಾರು ೧೪ ಗ್ರಾಂ ಸೀಸವಿರುತ್ತದೆ. ೪ ಬೋರಿನಲ್ಲಿ ಸುಮಾರು ೨೦ ಗ್ರಾಂ. ಅಡ್ಡಗಲಕ್ಕೆ ತಕ್ಕ ತೂಕ ಹೆಚ್ಚಿದಷ್ಟೂ ಗುಂಡು ಆಳಕ್ಕೆ ಹೋಗುತ್ತದೆ. ಉಂಡೆಗೆ ಈ ಗುಣವನ್ನು ಹೆಚ್ಚಿಸಲು ಇದ್ದ ದಾರಿ ಒಂದೇ, ಉಂಡೆಯನ್ನೇ ದೊಡ್ಡದು ಮಾಡುವುದು. ಮೈಸೂರು ಸರ್ಕಾರದಲ್ಲಿ ಆನೆ ಹಿಡಿಯುವ ಕಾರ್ಯದ ಅಧಿಕಾರಿಯಾಗಿದ್ದು, ೧೮೭೮ರಲ್ಲಿ ತನ್ನ ಹದಿಮೂರು ವರ್ಷಗಳ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ ಜಿ. ಪಿ. ಸ್ಯಾಂಡರ್ಸನ್ನನ ಕಾಲದಲ್ಲಿ ಆನೆಯಂತಹ ಮೃಗಗಳಿಗೆ ೪ ಮತ್ತು ೮ ಬೋರಿನ ಭಾರಿ ಕೋವಿಗಳು ಬಳಕೆಯಲ್ಲಿದ್ದುದಕ್ಕೆ ಇದೇ ಕಾರಣ. ಹೊತ್ತವನ ಭುಜಕ್ಕೂ ಹಾರಿಸಿದವನ ಭುಜಕ್ಕೂ ಅವು ಶಿಕ್ಷೆಯಾಗಿದ್ದವು. ಮೆತ್ತನೆಯ ಸೀಸವು ಮೂಳೆಗೆ ತಾಗಿ ಚಪ್ಪಟೆಯಾಗದಂತೆ ಅದಕ್ಕೆ ತವರವನ್ನೋ ಪಾದರಸವನ್ನೋ ಬೆರಸಿ ಗಟ್ಟಿಮಾಡುವ ಪದ್ಧತಿಯೂ ಇತ್ತು. ಸೂಚೀಮುಖಕ್ಕೂ ಅರ್ಧಚಂದ್ರಕ್ಕೂ ಇದ್ದ ಭೇದವು ಹೀಗೆ ಲೋಹದ ಮಿಶ್ರಣದ ರೂಪದಲ್ಲಿ ಮರಳಿ ಬಂದಿತು.

ಹಳ್ಳಿಯ ಕೋವಿಗಳಲ್ಲಿ ಉಂಡೆಗಿಂತ ಚರೆಯ ಬಳಕೆಯೇ ಹೆಚ್ಚಾಗಿತ್ತು. ಚರೆಯೆಂದರೆ ಒಂದೇ ಈಡಿನಲ್ಲಿ ಹರಡಿ ಹೋಗುವ ಅನೇಕ ಸಣ್ಣ ಸೀಸದ ಕಾಳುಗಳು. ಹಕ್ಕಿಗೆ, ಮೊಲಕ್ಕೆ ಇದು ತಕ್ಕದ್ದು; ಓಡುವುದನ್ನು ಹೊಡೆಯಲು ಹರಹು ಬೇಕಾಗುತ್ತದೆ. ದೊಡ್ಡ ಮೃಗಕ್ಕೆಂದು ತಯಾರಾಗುವ ಎಲ್. ಜಿ. ಎಂಬ ದಪ್ಪ ಚರೆಯ ಒಂದು ಕಾಳು ಕೂಡ ಸುಮಾರು ನಾಲ್ಕೂವರೆ ಗ್ರಾಂ ಮಾತ್ರ ತೂಗುತ್ತದೆ. ೧೨ ಬೋರಿನ ಉಂಡೆಯ ಎಂಟನೆಯ ಒಂದು ಭಾಗ. ಬಹಳ ಹತ್ತಿರದಲ್ಲಿ ಹಲವು ಕಾಳುಗಳು ಒಟ್ಟಾಗಿ ತಗುಲಿದರೆ ಕಡವೆ ಬಿದ್ದೀತು. ಸ್ವಲ್ಪ ದೂರವಾದರೆ ಒಂದೆರಡು ಕಾಳುಗಳು ತೊಗಲಿನ ಕೆಳಗೋ ಮಾಂಸದಲ್ಲಿಯೋ ನಿಂತು, ಮೃಗವು ಓಡಿಹೋಗಿ, ಗಾಯ ಕೊಳೆತು ಎಲ್ಲಿಯೋ ಸಾಯುತ್ತದೆ. ಚರೆ ತುಂಬಿದ ಕೋವಿಯ ಮುಂದೆ ಕಡವೆ ಬಂದಾಗ ಅನುಭವಿಯಾದವನು ಅಳುಕುವುದರ ಅರ್ಥ ಇದು. ಇಲ್ಲಿ ಈಡು ಹಾರಿಸದಿರುವುದೇ ಬೇಟೆಗಾರಿಕೆ.

೬. ಬೇಗದ ಗುಂಡು

ನಳಿಗೆಯ ಒಳಗೋಡೆಯಲ್ಲಿ ಸುರುಳಿಗೆರೆಗಳನ್ನು ಕೊರೆದು ಗುಂಡನ್ನು ತಿರುಗುವಂತೆ ಮಾಡಿದರೆ ಅದು ನೆಟ್ಟಗೆ ಹೋಗುತ್ತದೆ. ಇಂತಹ ನಳಿಗೆಯ ಕೋವಿಯೇ ರೈಫಲ್. ತಿರುಗುವ ಗುಂಡು ದುಂಡಗಿರಬೇಕಾಗಿಲ್ಲ, ನೀಳವಾಗಿರಬಹುದು. ೧೮೫೬ರಲ್ಲಿ ಲಂಡನ್ನಿನ ಪರ್ಡಿ ಎಂಬ ಕೋವಿ ತಯಾರಕನು ಹೊಸ ಬಗೆಯ ರೈಫಲ್ಲಿಗೆ ವೇಗದ ರೈಲುಗಾಡಿಯನ್ನು ನೆನೆದು 'ಎಕ್ಸ್‌ಪ್ರೆಸ್' ಎಂಬ ಹೆಸರಿಟ್ಟನು. ಹಗುರವಾದ ಗುಂಡು, ಹೆಚ್ಚು ಮದ್ದು, ಅದರಿಂದ ಹೆಚ್ಚು ವೇಗ: ಇದು ಅದರ ತತ್ತ್ವ. ಬೇಗ ಹೋಗುವ ಗುಂಡಿನ ದಾರಿ ಹೆಚ್ಚು ಬಾಗುವುದಿಲ್ಲವಾದ್ದರಿಂದ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ತಪ್ಪದು. ಈ ಗುಂಡಿನ ತುದಿಯಲ್ಲಿ ಟೊಳ್ಳು ಬಿಡುತ್ತಿದ್ದುದರಿಂದ ಅದು ಮೈಗೆ ತಾಗಿದೊಡನೆ ಅರಳುತ್ತಿತ್ತು. ಬಯಲಿನ ಕೃಷ್ಣಮೃಗಕ್ಕೂ ಸಾರಗಕ್ಕೂ ಇದು ಒಪ್ಪುವಂತಿತ್ತು.

ಆದರೆ ದೊಡ್ಡ ಮೃಗಗಳ ಮೇಲೆ ಬಳಸಿದಾಗ ಇದರ ದೋಷ ಹೊರಬಿದ್ದಿತು. ಟೊಳ್ಳುಗುಂಡು ಭುಜದ ಮಾಂಸದಲ್ಲಿಯೇ ಸಿಡಿದು ಚೂರಾಗಿ, ಹೊರಗೆ ಭಯಂಕರವಾಗಿ ಕಾಣುವ, ಒಳಗೆ ಮರ್ಮವನ್ನು ಮುಟ್ಟದ ಗಾಯವನ್ನು ಮಾಡುತ್ತಿತ್ತು. ಸಿಂಹಳ, ಆಫ್ರಿಕ, ಭರತಖಂಡಗಳಲ್ಲಿ ಬೇಟೆಯಾಡಿದ ಸರ್ ಸ್ಯಾಮ್ಯುಯಲ್ ಬೇಕರನು ೧೮೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಟೊಳ್ಳುಗುಂಡನ್ನು ಬಲವಾಗಿ ಆಕ್ಷೇಪಿಸಿದನು. ಶುದ್ಧ ಸೀಸದ ಗಟ್ಟಿಗುಂಡು ಅಣಬೆಯಂತೆ ಅರಳಿದರೂ ಒಂದೇ ತುಂಡಾಗಿ ಉಳಿದು ಮೈಯನ್ನು ದಾಟಿ, ಎದುರು ಪಕ್ಕದ ತೊಗಲಿನ ಕೆಳಗೆ ನಿಲ್ಲಬೇಕೆಂಬುದು ಅವನ ಮತ. ಗುಂಡು ಅರಳಬೇಕು, ಆದರೆ ಒಡೆಯಕೂಡದು. ಈ ಒಂದು ಮಾತಿನಲ್ಲಿ ಮುಂದಿನ ನೂರು ವರ್ಷಗಳ ಪ್ರಯತ್ನದ ಗುರಿ ಅಡಗಿದೆಯೆನ್ನಬಹುದು.

೭. ಕವಚವುಳ್ಳ ಗುಂಡು

೧೮೮೦ರ ದಶಕದಲ್ಲಿ ಎರಡು ಹೊಸ ಸಂಗತಿಗಳು ಒಟ್ಟಿಗೆ ಬಂದವು. ೧೮೮೨ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸದ ಗುಂಡಿಗೆ ತಾಮ್ರದ ಕವಚ ತೊಡಿಸಿದನು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಹೊಸ ಮದ್ದಿನ ವೇಗವನ್ನು ಬರಿಯ ಸೀಸ ತಡೆಯಲಾರದೆ ನಳಿಗೆಯಲ್ಲಿಯೇ ಸವೆಯುತ್ತಿದ್ದುದರಿಂದ ಕವಚವು ಅನಿವಾರ್ಯವಾಯಿತು. ಕವಚ ಬಂದ ಮೇಲೆ ಸಪುರವಾದ, ನೀಳವಾದ ಗುಂಡು ಸಾಧ್ಯವಾಯಿತು. ಅದರ ಫಲವನ್ನು ಹಿಂದಿನ ಲೆಕ್ಕದಿಂದಲೇ ನೋಡಬಹುದು. ೭ ಮಿಲಿಮೀಟರು ರೈಫಲ್ಲಿನ ೧೧ ಗ್ರಾಂ ಗುಂಡಿನಲ್ಲಿ ಒಂದು ಚದರ ಸೆಂಟಿಮೀಟರು ಅಡ್ಡಗಲಕ್ಕೆ ಸುಮಾರು ೨೭ ಗ್ರಾಂ ತೂಕವಿದೆ. ೪ ಬೋರಿನ ಉಂಡೆಯ ಹತ್ತನೆಯ ಒಂದು ಭಾಗದಷ್ಟು ತೂಗುವ ಕಡ್ಡಿಯು ಆ ಉಂಡೆಗಿಂತ ಆಳಕ್ಕೆ ಹೋಗಬಲ್ಲುದಾಯಿತು. ಆಫ್ರಿಕದಲ್ಲಿ ಡಬ್ಲ್ಯು. ಡಿ. ಎಂ. ಬೆಲ್ ಎಂಬವನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದದ್ದು, ಅವುಗಳಲ್ಲಿ ಹೆಚ್ಚಿನವನ್ನು ಇಂತಹ ೭ ಮಿಲಿಮೀಟರು ಪೂರ್ಣಕವಚದ ಗುಂಡಿನಿಂದ ಮಿದುಳಿಗೆ ಗುರಿಯಿಟ್ಟು ಕೊಂದದ್ದು, ಇದಕ್ಕೆ ದೃಷ್ಟಾಂತ.

ಆದರೆ ಪೂರ್ಣಕವಚದ ಗುಂಡು ಅರಳುವುದಿಲ್ಲ. ಅದು ಶುದ್ಧ ಸೂಚೀಮುಖ. ಕಡವೆಯಂತಹ ಮೃಗದ ಎದೆಯಲ್ಲಿ ಸಣ್ಣ ರಂಧ್ರ ಮಾಡಿ ಹೊರಟುಹೋಗುತ್ತದೆ. ಮೃಗವು ಬಹುದೂರ ಓಡಿ ನರಳುತ್ತದೆ. ಇದಕ್ಕೆ ಪರಿಹಾರ ಹುಟ್ಟಿದ ಸ್ಥಳಗಳಲ್ಲಿ ನಮ್ಮ ದೇಶದ ಒಂದು ಸ್ಥಳವೂ ಪ್ರಸಿದ್ಧವಾಗಿದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಆಯುಧಾಗಾರದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬವನು ೧೮೯೦ರ ದಶಕದ ಉತ್ತರಾರ್ಧದಲ್ಲಿ ಗುಂಡಿನ ತುದಿಯಲ್ಲಿ ಮಾತ್ರ ಕವಚವನ್ನು ತೆರೆದು ಸೀಸವನ್ನು ಹೊರಗೆ ಬಿಟ್ಟನು. ತಾಗಿದೊಡನೆ ಆ ಮೆತ್ತನೆಯ ಮೂತಿ ಅರಳುತ್ತಿತ್ತು. ಯುದ್ಧದಲ್ಲಿ ಇಂತಹ ಗುಂಡುಗಳನ್ನು ಬಳಸಕೂಡದೆಂದು ೧೮೯೯ರಲ್ಲಿ ಹೇಗ್ ನಗರದ ಸಮ್ಮೇಳನವು ಘೋಷಿಸಿತು.

ಇಲ್ಲಿ ವಿಚಾರಮಾಡತಕ್ಕ ಒಂದು ವೈಚಿತ್ರ್ಯವಿದೆ. ಮನುಷ್ಯನ ಮೇಲೆ ಕ್ರೂರವೆಂದು ನಿಷೇಧವಾದ ಗುಂಡೇ ಮೃಗದ ಮೇಲೆ ಕರುಣೆಯೆಂದು ವಿಹಿತವಾಯಿತು. ಇದರಲ್ಲಿ ವಿರೋಧವಿಲ್ಲ. ಯುದ್ಧದ ಉದ್ದೇಶ ಶತ್ರುವನ್ನು ಹೋರಾಟದಿಂದ ಹಿಮ್ಮೆಟ್ಟಿಸುವುದು. ಗಾಯಗೊಂಡವನನ್ನು ಚಿಕಿತ್ಸೆ ಮಾಡಿ ಬದುಕಿಸಬಹುದು. ಬೇಟೆಯಲ್ಲಿ ಗಾಯಗೊಂಡ ಮೃಗಕ್ಕೆ ಚಿಕಿತ್ಸೆಯಿಲ್ಲ; ತ್ವರಿತವಾದ ಸಾವೊಂದೇ ಅದಕ್ಕೆ ಮಾಡಬಹುದಾದ ಉಪಕಾರ. ಒಂದೇ ಸಾಧನದ ಗುಣದೋಷವು ಅದನ್ನು ಬಳಸುವ ಉದ್ದೇಶದಿಂದ ನಿರ್ಣಯವಾಗುತ್ತದೆ.

೨೦ನೆಯ ಶತಮಾನದ ಆರಂಭದ ಹೊತ್ತಿಗೆ ಬೇಟೆಗಾರನ ಬತ್ತಳಿಕೆಯಲ್ಲಿ ಹೀಗೆ ಮತ್ತೆ ಎರಡು ಬಗೆಯ ಅಲಗುಗಳು ಬಂದವು. ಆನೆ, ಕಾಟಿಗಳಿಗೆ ಪೂರ್ಣಕವಚದ ಗುಂಡು; ಕಡವೆ, ಹುಲಿ, ಸಾರಗಗಳಿಗೆ ಮೆತ್ತನೆಯ ಮೂತಿಯದು. ೧೯೧೨ರಲ್ಲಿ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು ಹೊರತಂದ, ಇಂಚಿನ ಸಾವಿರ ಭಾಗಗಳಲ್ಲಿ ೩೭೫ ವ್ಯಾಸವೆಂದು ಹೆಸರಾದ ರೈಫಲ್ಲಿಗೆ ಸುಮಾರು ೧೫, ೧೭ೂವರೆ, ೧೯ೂವರೆ ಗ್ರಾಂ ತೂಕದ ಮೂರು ಗುಂಡುಗಳಿದ್ದವು. ಹಗುರವಾದದ್ದು ಬಯಲಿನ ಜಿಂಕೆಗೆ, ಭಾರವಾದದ್ದು ದೊಡ್ಡ ಮೃಗಕ್ಕೆ. ಜೋಡು ನಳಿಗೆಯ ರೈಫಲ್ ಹಿಡಿದವನು ಒಂದು ನಳಿಗೆಯಲ್ಲಿ ಮೆತ್ತನೆಯ ಮೂತಿಯದನ್ನೂ ಇನ್ನೊಂದರಲ್ಲಿ ಪೂರ್ಣಕವಚದ್ದನ್ನೂ ತುಂಬುವುದೂ ಉಂಟು. ಕಥೆಗಳಲ್ಲಿ ಕಾಟಿಯ ಹೆಜ್ಜೆ ಕಂಡೊಡನೆ ತೋಟಾ ಬದಲಿಸುವ ಪ್ರಸಂಗಕ್ಕೆ ಇದೇ ವ್ಯಾಖ್ಯಾನ.

ಗುಂಡಿನ ಆಯ್ಕೆಯಲ್ಲಿ ಸರ್ಕಾರದ ಕೈಯೂ ಇತ್ತು. ೧೯೦೭ರಲ್ಲಿ ಬ್ರಿಟಿಷ್ ಸರ್ಕಾರವು ೪೫೦ ವ್ಯಾಸದ ರೈಫಲ್ಲುಗಳನ್ನು ಭರತಖಂಡಕ್ಕೆ ತರಿಸಕೂಡದೆಂದು ವಿಧಿಸಿತು. ಸೈನ್ಯದ ಹಳೆಯ ಬಂದೂಕುಗಳ ಅಳತೆಗೆ ಅದು ಹೊಂದುತ್ತಿದ್ದುದೇ ಕಾರಣ. ಆ ನಿಷೇಧದ ಫಲವಾಗಿ ೪೬೫, ೪೭೦, ೪೭೫ ಎಂಬ ಹೊಸ ಅಳತೆಗಳು ಹುಟ್ಟಿದವು. ಬೇಟೆಯ ಗುಂಡಿನ ಮೇಲೆ ಲಷ್ಕರಿನ ನೆರಳು ಹೀಗೆಯೂ ಬಿದ್ದಿತು.

೮. ಮೂಸ್ ಎಂಬ ಮೃಗದಿಂದ ಬಂದ ಪಾಠ

ಕಡವೆ ಮತ್ತು ಕಾಟಿಗಳ ನಡುವೆ ನಿಲ್ಲುವ ಮೃಗವೊಂದನ್ನು ಇಲ್ಲಿ ಹೇಳಬೇಕು. ಉತ್ತರ ಅಮೆರಿಕ, ಸ್ಕಾಂಡಿನೇವಿಯ, ರಷ್ಯಗಳ ಶೀತಾರಣ್ಯಗಳಲ್ಲಿರುವ ಮೂಸ್ ಎಂಬುದು ಜಿಂಕೆಯ ಜಾತಿಗಳಲ್ಲೆಲ್ಲ ದೊಡ್ಡದು. ಬಲಿತ ಗಂಡು ೪೦೦ರಿಂದ ೬೦೦ ಕಿಲೋಗ್ರಾಂ ತೂಗುತ್ತದೆ. ಜಾತಿಯಿಂದ ಕಡವೆಯ ಬಂಧು, ಗಾತ್ರದಲ್ಲಿ ಕಾಟಿಗೆ ಸಮೀಪ. ಆದುದರಿಂದಲೇ ಗುಂಡಿನ ಎರಡು ಕರ್ತವ್ಯಗಳ ತಿಕ್ಕಾಟ ಈ ಮೃಗದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

೧೯೪೬ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕದ ಬೇಟೆಗಾರನು ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ ಒಂದು ಮೂಸಿಗೆ ಗುಂಡು ಹೊಡೆದನು. ಮೃಗದ ಮೈಗೆ ಕೆಸರು ಮೆತ್ತಿ ಒಣಗಿತ್ತು. ಬ್ರಿಟಿಷರ ಹಳೆಯ ಎಕ್ಸ್‌ಪ್ರೆಸ್ ಗುಂಡಿಗಾದ ಗತಿಯೇ ಅವನ ವೇಗದ ಗುಂಡುಗಳಿಗೂ ಆಯಿತು. ಅವು ತೊಗಲಿನ ಬಳಿಯೇ ಅರಳಿ ಒಡೆದು ಒಳಗೆ ಹೋಗಲಿಲ್ಲ. ಈ ಅನುಭವದಿಂದ ಅವನು ಒಂದು ಗುಂಡನ್ನು ರೂಪಿಸಿ ೧೯೪೮ರಲ್ಲಿ ಮಾರಾಟಕ್ಕೆ ತಂದನು. ಅದರ ತಾಮ್ರದ ಕವಚದ ನಡುವೆ ಒಂದು ಅಡ್ಡಗೋಡೆಯಿದೆ. ಮುಂದಿನ ಅರೆಯ ಸೀಸ ಅರಳುತ್ತದೆ. ಗೋಡೆಯ ಹಿಂದಿನ ಅರೆಯ ಸೀಸ ಕೆಡದೆ ಉಳಿದು ಗುಂಡನ್ನು ಆಳಕ್ಕೆ ನೂಕುತ್ತದೆ. ಸೂಚೀಮುಖವೂ ಅರ್ಧಚಂದ್ರವೂ ಒಂದೇ ಬಾಣದಲ್ಲಿ ಸೇರಿದಂತಾಯಿತು. ಬೇಕರನು ಬಯಸಿದ್ದು ಇದನ್ನೇ.

ಸ್ವೀಡನ್ ದೇಶದ ನಿಯಮವೂ ನಮ್ಮ ವಿಚಾರಕ್ಕೆ ಬೆಳಕು ಕೊಡುತ್ತದೆ. ಮೂಸ್ ಬೇಟೆಗೆ ಅಲ್ಲಿ ಅರಳುವ ಗುಂಡೇ ಬೇಕು. ಗುಂಡು ೯ ಗ್ರಾಂ ತೂಗುವುದಾದರೆ ೧೦೦ ಮೀಟರು ದೂರದಲ್ಲಿ ಅದರ ಶಕ್ತಿ ೨೭೦೦ ಜೌಲ್‌ಗಿಂತ ಕಡಮೆಯಾಗಿರಬಾರದು. ೧೦ ಗ್ರಾಂ ಅಥವಾ ಹೆಚ್ಚು ತೂಗುವುದಾದರೆ ೨೦೦೦ ಜೌಲ್ ಸಾಕು. ಒಂದು ಗ್ರಾಂ ತೂಕ ಹೆಚ್ಚಿದ್ದಕ್ಕೆ ೭೦೦ ಜೌಲ್ ಶಕ್ತಿಯನ್ನು ಬಿಟ್ಟುಕೊಟ್ಟಿರುವುದರ ಮರ್ಮವೇನು? ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಹಗುರವಾದ ಗುಂಡೂ ವೇಗದಿಂದ ಶಕ್ತಿಯನ್ನು ಗಳಿಸಬಹುದು. ಆದರೆ ಅತಿವೇಗವು ಗುಂಡನ್ನು ಬೇಗ ಒಡೆಯುತ್ತದೆ. ಭಾರವಾದ, ನಿಧಾನವಾದ ಗುಂಡು ಕಡಮೆ ಶಕ್ತಿಯಿಂದಲೇ ಕೆಲಸವನ್ನು ಪೂರೈಸುತ್ತದೆ. ಶಕ್ತಿಯ ಅಂಕಿಯನ್ನು ಮಾತ್ರ ನೋಡಿ ಗುಂಡನ್ನು ಆರಿಸಕೂಡದೆಂಬ ಅನುಭವವು ಹೀಗೆ ಶಾಸನದಲ್ಲಿಯೇ ನಿಂತಿದೆ. ಇದರ ಜೊತೆಗೆ, ಗಾಯಗೊಂಡು ಓಡಿದ ಮೂಸಿನ ಜಾಡು ಹಿಡಿಯಬಲ್ಲ ಪಳಗಿದ ನಾಯಿಯು ಎರಡು ಗಂಟೆಗಳೊಳಗಾಗಿ ಸ್ಥಳಕ್ಕೆ ಬರುವಂತಿರಬೇಕೆಂಬ ವಿಧಿಯೂ ಅಲ್ಲಿದೆ. ಎಷ್ಟು ಒಳ್ಳೆಯ ಗುಂಡಾದರೂ ತಪ್ಪಬಹುದೆಂಬ ತಿಳಿವು ಈ ವಿಧಿಯ ಹಿಂದಿದೆ.

ಈಚೆಗೆ ಸೀಸದ ಮೇಲೆಯೇ ಇನ್ನೊಂದು ಆಕ್ಷೇಪ ಬಂದಿದೆ. ಒಡೆದ ಗುಂಡಿನ ಕಣಗಳು ಮಾಂಸದಲ್ಲಿಯೂ ಕರುಳಿನಲ್ಲಿಯೂ ಉಳಿದು, ಅವನ್ನು ತಿಂದ ಹದ್ದುಗಳಿಗೆ ವಿಷವಾಗುತ್ತವೆ. ಕ್ಯಾಲಿಫೋರ್ನಿಯದಲ್ಲಿ ೨೦೧೯ರಿಂದ ಬೇಟೆಗೆ ಸೀಸದ ಗುಂಡು ಪೂರ್ಣವಾಗಿ ನಿಷಿದ್ಧವಾಗಿದೆ. ಬರಿಯ ತಾಮ್ರದ, ಅರಳುವ, ಆದರೆ ಚೂರಾಗದ ಗುಂಡುಗಳು ಅದರ ಸ್ಥಾನಕ್ಕೆ ಬಂದಿವೆ.

೯. ತಪ್ಪಿದ ಈಡಿನ ಫಲ

ಇಷ್ಟು ಸೂಕ್ಷ್ಮ ವಿಚಾರ ಏಕೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಕುಮಾವೂ ಪ್ರಾಂತದ ಚಂಪಾವತ್ತಿನ ನರಭಕ್ಷಕ ಹೆಣ್ಣುಹುಲಿಯನ್ನು ೧೯೦೭ರಲ್ಲಿ ಜಿಮ್ ಕಾರ್ಬೆಟ್ಟನು ಕೊಂದನು. ಅದು ನೇಪಾಳದಲ್ಲಿಯೂ ಕುಮಾವಿನಲ್ಲಿಯೂ ಒಟ್ಟು ೪೩೬ ಜನರನ್ನು ಕೊಂದಿತ್ತೆಂದು ಲೆಕ್ಕವಿದೆ. ಅದರ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆ ಯಾರೋ ಹೊಡೆದ ಗುಂಡಿನ ಗಾಯ ಅದು. ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯನ ಮೇಲೆ ಬಿದ್ದಿತೆಂದು ಕಾರ್ಬೆಟ್ಟನು ೧೯೪೪ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಗುಂಡು ಹೊಡೆದವನ ಹೆಸರು ಯಾರಿಗೂ ತಿಳಿಯದು. ಅವನ ಒಂದು ಕೆಟ್ಟ ಈಡಿನ ಸಾಲವನ್ನು ತೀರಿಸಿದವರು ನೂರಾರು ಹಳ್ಳಿಗರು, ಅವರಲ್ಲಿ ಹೆಚ್ಚಿನವರು ಹುಲ್ಲು ಸೌದೆಗಳಿಗೆ ಕಾಡಿಗೆ ಹೋಗುವ ಬಡವರು.

ಹಳೆಯ ಬೇಟೆಗಾರರಲ್ಲಿ, ಗಾಯಗೊಂಡ ಮೃಗವನ್ನು ಹಿಂಬಾಲಿಸಿ ಕೊಲ್ಲದೆ ಮನೆಗೆ ಹಿಂದಿರುಗಕೂಡದೆಂಬ ನಿಯಮವಿದ್ದುದಕ್ಕೆ ಇದೇ ಕಾರಣ. ಅದು ಶೌರ್ಯದ ಪ್ರದರ್ಶನವಲ್ಲ, ಋಣವಿಮೋಚನೆ. ಗುಂಡಿನ ಆಯ್ಕೆ ಆ ಋಣವು ಹುಟ್ಟದಂತೆ ಮುಂಚಿತವಾಗಿ ಮಾಡುವ ಎಚ್ಚರಿಕೆ.

೧೦. ಉಪಸಂಹಾರ

ಇಂದು ಕರ್ಣಾಟಕದ ಕಾಡುಗಳಲ್ಲಿ ಈ ಆಯ್ಕೆಯ ಪ್ರಸಕ್ತಿ ಇಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬೇಟೆಯನ್ನು ನಿಷೇಧಿಸಿತು. ೧೯೭೩ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಬೇಟೆಯಾಡಿದ ಹುಲಿ ಚಿರತೆಗಳ ತೊಗಲುಗಳನ್ನು ಹದಮಾಡಿ ಜೀವಕಳೆ ತುಂಬುತ್ತಿದ್ದ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯೂ ೧೯೯೯ರಲ್ಲಿ ಮುಚ್ಚಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಸಲ್ಲುತ್ತದೆ. ಆದರೆ ಅದು ಕಡವೆಯ ಮೇಲೆ ಹಾರುವ ಕಾಲ ಮುಗಿಯಿತು. ಇದು ಆಗಬೇಕಾದದ್ದೇ ಆಗಿದೆ.

ಆದರೆ ಒಂದು ವೃತ್ತಿ ನಿಂತಾಗ ಅದರ ಮಾತುಗಳೂ ನಿಲ್ಲುತ್ತವೆ. ಈಡು, ಚರೆ, ಉಂಡೆ, ಕೇಪು, ತೋಟಾ, ಕೋವಿಯ ಕುದುರೆ ಮೊದಲಾದ ಶಬ್ದಗಳನ್ನು ಅವುಗಳ ನಿಜವಾದ ಭೇದಗಳೊಡನೆ ಬಲ್ಲವರು ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ದಕ್ಷಿಣಕನ್ನಡದಲ್ಲಿಯೂ ವೃದ್ಧರಾಗಿದ್ದಾರೆ. ನಾರಾಚಕ್ಕೂ ಕ್ಷುರಪ್ರಕ್ಕೂ ಇದ್ದ ಭೇದವನ್ನು ನಾವು ಮರೆತು, ಎರಡನ್ನೂ 'ಒಂದು ಬಗೆಯ ಬಾಣ' ಎಂದು ಟಿಪ್ಪಣಿ ಬರೆಯುವ ಸ್ಥಿತಿಗೆ ಬಂದಿದ್ದೇವೆ. ಇನ್ನು ಐವತ್ತು ವರ್ಷಗಳಲ್ಲಿ ಚರೆಗೂ ಗುಂಡಿಗೂ ಅದೇ ಗತಿಯಾಗುವುದು ಅಸಂಭವವಲ್ಲ. ಆಗ ಬೇಟೆಗಾರನು ಕೋವಿಯನ್ನು ಎತ್ತಿ, ನೋಡಿ, ಹಾರಿಸದೆ ಇಳಿಸಿದ ಪ್ರಸಂಗವನ್ನು ಓದುವ ವಿದ್ಯಾರ್ಥಿಗೆ ಅದು ಹೇಡಿತನವಾಗಿ ಕಂಡೀತು. ಅದು ಹೇಡಿತನವಲ್ಲ, ವಿವೇಕವೆಂದು ತೋರಿಸಿಕೊಡುವುದು ಅಧ್ಯಾಪಕರ ಕೆಲಸ. ಈ ಶಬ್ದಗಳನ್ನು ಬಲ್ಲವರಿಂದ ಕೇಳಿ, ಬರೆದು, ಅರ್ಥಭೇದಗಳೊಡನೆ ಸಂಗ್ರಹಿಸುವ ಕಾರ್ಯವನ್ನು ವಿದ್ವಾಂಸರು ತಡಮಾಡದೆ ಕೈಕೊಳ್ಳಬೇಕೆಂದು ವಿಜ್ಞಾಪನೆ.